ಹೊಸ್ತಿಲಿನ ಕಾವಲು

ಮನೆಗೆ ಗೋಡೆಯನ್ನೆಬ್ಬಿಸುವುದು ಸುಲಭ, ಬಾಗಿಲನ್ನಿರಿಸುವುದು ಕಷ್ಟ. ಗೋಡೆಗೆ ಒಂದೇ ಧರ್ಮ, ತಡೆಯುವುದು. ಬಾಗಿಲಿಗಾದರೋ ಪರಸ್ಪರ ವಿರುದ್ಧವಾದ ಧರ್ಮಗಳೆರಡು. ಬರತಕ್ಕವರು ಬಂದಾಗ ಅದು ಇಲ್ಲವೇ ಇಲ್ಲವೆಂಬಂತೆ ತೆರೆದುಕೊಳ್ಳಬೇಕು. ಬರಬಾರದವರು ಬಂದಾಗ ಗೋಡೆಗಿಂತಲೂ ಬಲವಾಗಿ ನಿಲ್ಲಬೇಕು. ಹಿಂದಿನ ಶಾಸ್ತ್ರಕಾರರು ದೇಹಲೀದೀಪನ್ಯಾಯವೆಂಬುದೊಂದನ್ನು ಹೇಳಿದ್ದಾರೆ. ಹೊಸ್ತಿಲಿನ ಮೇಲಿಟ್ಟ ಹಣತೆಯು ಒಳಮನೆಯನ್ನೂ ಅಂಗಳವನ್ನೂ ಏಕಕಾಲದಲ್ಲಿ ಬೆಳಗುವಂತೆ, ನಡುವೆ ನಿಂತ ಒಂದು ಪದವು ಹಿಂದಿನದಕ್ಕೂ ಮುಂದಿನದಕ್ಕೂ ಅನ್ವಯಿಸುವುದೆಂದು ಅದರ ತಾತ್ಪರ್ಯ. ಆ ಹಣತೆಗೆ ಅಂಗಳದ ಬಿರುಗಾಳಿಯಿಂದ ಒದಗುವ ಅಪಾಯದ ಮಾತನ್ನು ಅವರು ಎತ್ತಲಿಲ್ಲ. ಅವರಿಗೆ ಅದು ಪ್ರಕೃತವಾಗಿರಲಿಲ್ಲ. ದೂರವಾಣಿಯ ತಂತಿಯ ಎರಡು ಕೊನೆಗಳಲ್ಲಿಯೂ ಇಂಜಿನಿಯರುಗಳು ಇರಿಸುವ ಸಣ್ಣ ವಿದ್ಯುನ್ಮಂಡಲಗಳಿಗೆ ಮಾತ್ರ ಬೆಳಕು, ಬಿರುಗಾಳಿ ಎಂಬ ಎರಡು ಚಿಂತೆಗಳೂ ಸಮವಾಗಿ ಪ್ರಕೃತವಾಗಿವೆ.

ಮಲೆನಾಡಿನ ಒಂದು ತಾಲ್ಲೂಕಿನಲ್ಲಿ, ಅಡಕೆಯ ತೋಟದ ಮಗ್ಗುಲಲ್ಲಿರುವ ಒಂದು ಮನೆಗೆ 1994ರಲ್ಲಿ ದೂರವಾಣಿ ಬಂದಿತು. ಅರ್ಜಿ ಕೊಟ್ಟು ಬಹುಕಾಲ ಕಾದ ಮೇಲೆ ಬಂದ ಅತಿಥಿಯಾದುದರಿಂದ ಅದಕ್ಕೆ ಸಲ್ಲಬೇಕಾದ ಮರ್ಯಾದೆಯೆಲ್ಲವೂ ಸಂದಿತು. ಪಡಸಾಲೆಯ ಗೂಡಿನಲ್ಲಿ ಪೀಠ, ಅದರ ಮೇಲೆ ಕಸೂತಿಯ ಬಟ್ಟೆ. ಹೊರಗಡೆ, ಜಗಲಿಯ ಗೋಡೆಗೆ ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಲೈನ್‌ಮನ್ನನು ಹೊಡೆದು ಹೋಗಿದ್ದನು. ಕಂಬದಿಂದ ಬಂದ ಎರಡು ತಂತಿಗಳು ಅದನ್ನು ಹೊಕ್ಕು ಒಳಗಿನ ಯಂತ್ರಕ್ಕೆ ಹೋಗುತ್ತಿದ್ದುವು. ಮೂರನೆಯದೊಂದು ತಾಮ್ರದ ತಂತಿಯು ಅದೇ ಪೆಟ್ಟಿಗೆಯಿಂದ ಹೊರಟು, ಗೋಡೆಯನ್ನು ಹಿಡಿದು ಇಳಿದು, ಅಂಗಳದ ಮಣ್ಣಿನಲ್ಲಿ ಮರೆಯಾಗುತ್ತಿದ್ದಿತು. ಮನೆಯ ಯಜಮಾನರು ಓದಿದವರು; ಎರಡು ತಂತಿಗಳ ಪ್ರಯೋಜನವನ್ನು ಊಹಿಸಬಲ್ಲವರಾಗಿದ್ದರು. ಮೂರನೆಯದು ಯಾರಿಗೆ ಏನನ್ನು ಹೇಳುತ್ತದೆಂಬುದು ಅವರಿಗೆ ತಿಳಿಯಲಿಲ್ಲ. ತಿಳಿಯದಿದ್ದುದನ್ನು ಅವರು ಕೇಳಲೂ ಇಲ್ಲ.

ಆ ಎರಡು ತಂತಿಗಳಲ್ಲಿ ನಡೆಯುವ ವ್ಯಾಪಾರವನ್ನು ಮೊದಲು ನೋಡಬಹುದು. ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು 1876ರಲ್ಲಿ ದೂರವಾಣಿಗೆ ಸನ್ನದನ್ನು ಪಡೆದ ತರುವಾಯ, ಯಂತ್ರಕ್ಕೆ ಬೇಕಾದ ವಿದ್ಯುತ್ತನ್ನು ಪ್ರತಿಯೊಂದು ಮನೆಯಲ್ಲಿಯೂ ಬ್ಯಾಟರಿಯಿಟ್ಟು ಒದಗಿಸುತ್ತಿದ್ದರು. ಕ್ರಮೇಣ ಆ ಹೊರೆಯನ್ನು ವಿನಿಮಯ ಕೇಂದ್ರವೇ, ಎಂದರೆ ಎಕ್ಸ್‌ಚೇಂಜೇ ಹೊತ್ತುಕೊಂಡಿತು. ಅಲ್ಲಿ ಎರಡೆರಡು ವೋಲ್ಟಿನ 24 ಸೀಸದ ಕೋಶಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟುಗಳನ್ನು ಪಡೆಯುವರು. ಅದರ ಧನಧ್ರುವವನ್ನು ಭೂಮಿಗೆ ಕಟ್ಟಿ ಋಣಧ್ರುವವನ್ನು ತಂತಿಗೆ ಕೊಡುವುದು ವಾಡಿಕೆ. ಇದು ಕಾರಣವಿಲ್ಲದ ಆಚಾರವಲ್ಲ. ತೇವವು ತಗುಲಿದ ತಂತಿಯು ಭೂಮಿಗಿಂತ ಧನವಾಗಿದ್ದರೆ ಅದರ ಲೋಹವು ಸ್ವಲ್ಪಸ್ವಲ್ಪವಾಗಿ ಕರಗಿ ಹೋಗುತ್ತದೆ, ಋಣವಾಗಿದ್ದರೆ ಉಳಿದುಕೊಳ್ಳುತ್ತದೆ. ಮಳೆಯ ನಾಡಿನಲ್ಲಿ ಈ ಒಂದು ವಿವೇಕವು ಎಷ್ಟು ಗಾವುದ ತಂತಿಯನ್ನು ಕಾಪಾಡಿದೆಯೋ ಎಣಿಸಿದವರಿಲ್ಲ.

ಯಂತ್ರದ ಕೈಹಿಡಿಯು ಕೊಕ್ಕೆಯ ಮೇಲಿರುವ ತನಕ ಎರಡು ತಂತಿಗಳ ವೃತ್ತವು ಪೂರ್ಣವಾಗುವುದಿಲ್ಲ, ಒತ್ತಡವಿರುತ್ತದೆ, ಪ್ರವಾಹವಿರುವುದಿಲ್ಲ. ಕೈಹಿಡಿಯನ್ನೆತ್ತಿದೊಡನೆ ವೃತ್ತವು ಕೂಡಿಕೊಂಡು ಪ್ರವಾಹವು ಹರಿಯತೊಡಗುತ್ತದೆ. ಐದು ಕಿಲೋಮೀಟರು ದೂರದ ಮನೆಯನ್ನು ಭಾವಿಸೋಣ. ಅರ್ಧ ಮಿಲಿಮೀಟರು ದಪ್ಪದ ತಾಮ್ರದ ಜೋಡಿಗೆ ಕಿಲೋಮೀಟರಿಗೆ ಸುಮಾರು 176 ಓಮು ರೋಧವಿರುವುದರಿಂದ ದಾರಿಯಲ್ಲಿ 880 ಓಮು, ವಿನಿಮಯ ಕೇಂದ್ರದ ರಿಲೇಸುರುಳಿಗಳಲ್ಲಿ 400, ಯಂತ್ರದಲ್ಲಿ 200. ಒಟ್ಟು 1480 ಓಮುಗಳ ಮೂಲಕ 48 ವೋಲ್ಟುಗಳು ನೂಕುವುದು ಸುಮಾರು 32 ಮಿಲಿ ಆಂಪಿಯರು. ಇಷ್ಟು ಅಲ್ಪವಾದ ಪ್ರವಾಹವೇ 'ಮನೆಯವರು ಮಾತನಾಡಬಯಸುತ್ತಾರೆ' ಎಂಬ ಸುದ್ದಿಯನ್ನು ಕೇಂದ್ರಕ್ಕೆ ಮುಟ್ಟಿಸುತ್ತದೆ. ಅದೇ ಪ್ರವಾಹದ ಮೇಲೆ ಧ್ವನಿಯು ಸಣ್ಣ ಅಲೆಗಳಾಗಿ ಸವಾರಿ ಮಾಡುತ್ತದೆ.

ಹೊರಗಿನವರು ಕರೆದಾಗ ನಡೆಯುವ ಕ್ರಮವೇ ಬೇರೆ. ಗಂಟೆಯನ್ನು ಬಾರಿಸಲು ಕೇಂದ್ರವು ಸುಮಾರು 75 ವೋಲ್ಟುಗಳ, ದಿಕ್ಕನ್ನು ಬದಲಿಸುತ್ತ ಸೆಕೆಂಡಿಗೆ 20 ಅಥವಾ 25 ಸಾರಿ ತೂಗುವ ಪ್ರವಾಹವನ್ನು ಕಳುಹಿಸುತ್ತದೆ. ಗಂಟೆಯ ಮುಂದೆ ಒಂದು ಕೆಪ್ಯಾಸಿಟರು ಕುಳಿತಿರುತ್ತದೆ. ಅದು ಏಕಮುಖವಾದ ಬ್ಯಾಟರಿಯ ಪ್ರವಾಹವನ್ನು ಬಿಡುವುದಿಲ್ಲ. ತೂಗುವ ಪ್ರವಾಹವನ್ನು ಬಿಡುತ್ತದೆ. ಆದುದರಿಂದಲೇ ಗಂಟೆಯು ಎಂದೆಂದಿಗೂ ತಂತಿಗೆ ಕಟ್ಟಿಕೊಂಡಿದ್ದರೂ ಸುಮ್ಮನಿರುತ್ತದೆ, ಕರೆದಾಗ ಮಾತ್ರ ಓಗೊಡುತ್ತದೆ. ಗಂಟೆ ಬಾರಿಸುತ್ತಿರುವಾಗಲೇ ಯಾರಾದರೂ ಕೈಹಿಡಿಯನ್ನೆತ್ತಿದರೆ, ತೂಗುವ ಪ್ರವಾಹದ ಜತೆಯಲ್ಲಿ ಏಕಮುಖ ಪ್ರವಾಹವೂ ಹರಿಯತೊಡಗುವುದನ್ನು ಕೇಂದ್ರವು ಗುರುತಿಸಿ ಆ ಕ್ಷಣವೇ ಗಂಟೆಯನ್ನು ನಿಲ್ಲಿಸಬೇಕು. ಇಲ್ಲವಾದರೆ ಕಿವಿಗೆ ಕುಶಲಪ್ರಶ್ನೆಯ ಬದಲು ಗಂಟೆಯ ಅಬ್ಬರವೇ ಬೀಳುವುದು.

ಹೋಗುವ ಮಾತೂ ಬರುವ ಮಾತೂ ಒಂದೇ ಜೋಡಿ ತಂತಿಯಲ್ಲಿ ನಡೆಯುವುದು ಇನ್ನೊಂದು ವಿಶೇಷ. ದೂರದ ದಾರಿಯಲ್ಲಿ ಇವೆರಡನ್ನೂ ಬೇರ್ಪಡಿಸಿಯೇ ಸಾಗಿಸಬೇಕಾದುದರಿಂದ, ಎರಡು ತಂತಿಯ ದಾರಿಯನ್ನು ನಾಲ್ಕು ತಂತಿಯ ದಾರಿಗೆ ಹೊಂದಿಸುವ ಹೈಬ್ರಿಡ್ ಎಂಬ ಅಂಗವೊಂದಿದೆ. ಯಂತ್ರದೊಳಗೂ ಅಂತಹದೇ ಏರ್ಪಾಡು ಇರುವುದು. ಮಾತನಾಡುವವನಿಗೆ ಅವನ ಮಾತೇ ಕಿವಿಯಲ್ಲಿ ತುಸು ಕೇಳಿಸುವಂತೆ ಅದನ್ನು ಹದಗೊಳಿಸಿರುತ್ತಾರೆ. ಏನೂ ಕೇಳಿಸದಿದ್ದರೆ ಯಂತ್ರವು ಸತ್ತಿದೆಯೆಂದು ಅವನು ಶಂಕಿಸುವನು. ಬಹಳ ಕೇಳಿಸಿದರೆ ತಾನು ಕಿರಿಚುತ್ತಿರುವೆನೆಂದು ಬಗೆದು ಧ್ವನಿಯನ್ನು ತಗ್ಗಿಸಿಬಿಡುವನು.

ಈ ಕಾರ್ಯಗಳನ್ನೆಲ್ಲ ಕೇಂದ್ರದ ಕಡೆಯಲ್ಲಿ ನಡೆಸುವ ಅಂಗಕ್ಕೆ ಇಂಜಿನಿಯರುಗಳು ಲೈನ್ ಇಂಟರ್‌ಫೇಸ್ ಸರ್ಕಿಟ್ ಎನ್ನುತ್ತಾರೆ. ಕನ್ನಡದಲ್ಲಿ ಸಂಧಿಮಂಡಲವೆಂದರೆ ಸಲ್ಲುವುದು. ಅದರ ಕರ್ತವ್ಯಗಳು ಏಳು: ಶಕ್ತಿಯನ್ನೂಡುವುದು, ಅತಿಯಾದ ಒತ್ತಡದಿಂದ ಕಾಪಾಡುವುದು, ಗಂಟೆ ಬಾರಿಸುವುದು, ಕೈಹಿಡಿಯ ಸ್ಥಿತಿಯನ್ನು ನೋಡುತ್ತಿರುವುದು, ಧ್ವನಿಯನ್ನು ಅಂಕೆಗಳಾಗಿಸುವುದು, ಎರಡು ತಂತಿಯನ್ನು ನಾಲ್ಕಕ್ಕೆ ಹೊಂದಿಸುವುದು, ತಂತಿಯ ಆರೋಗ್ಯವನ್ನು ಪರೀಕ್ಷಿಸುವುದು. ಈ ಏಳರ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಅವರು 'ಬೋರ್ಷ್ಟ್' ಎಂದು ಕರೆದುಕೊಳ್ಳುತ್ತಾರೆ. ಪೂರ್ವ ಯೂರೋಪಿನಲ್ಲಿ ಅದು ಕೆಂಪು ಗೆಡ್ಡೆಯ ಸಾರಿನ ಹೆಸರು. ಪಾಣಿನಿಯ ಪ್ರತ್ಯಾಹಾರಗಳನ್ನು ಉರುಹೊಡೆದವರಿಗೆ ಈ ಲಾಘವವು ಅಪರಿಚಿತವೆನಿಸದು. ಅಂಕೆಗಳಾಗಿಸುವುದೆಂದರೆ, 3400 ಕಂಪನಗಳ ತನಕದ ಧ್ವನಿಯನ್ನು ಸೆಕೆಂಡಿಗೆ 8000 ಸಾರಿ ಅಳೆದು, ಒಂದೊಂದು ಅಳತೆಯನ್ನು ಎಂಟು ಬಿಟ್ಟುಗಳಲ್ಲಿ ಬರೆಯುವುದು; ಸೆಕೆಂಡಿಗೆ ಒಟ್ಟು 64,000 ಬಿಟ್ಟುಗಳಾಗುತ್ತವೆ.

ಕರ್ಣಾಟಕಕ್ಕೆ ಈ ವಿಷಯದಲ್ಲಿ ಒಂದು ಹೆಮ್ಮೆಯುಂಟು. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನಲ್ಲಿ ದೂರವಾಣಿಯ ಯಂತ್ರಗಳೂ ಕೇಂದ್ರದ ಉಪಕರಣಗಳೂ ತಯಾರಾದುವು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು ಹಳ್ಳಿಗಳಿಗಾಗಿ ರಚಿಸಿದ 128 ದ್ವಾರಗಳ ಅಂಕೀಯ ಕೇಂದ್ರವು ಮೊಟ್ಟಮೊದಲು ಪ್ರತಿಷ್ಠಿತವಾದುದು 1986ರ ಜುಲೈ ತಿಂಗಳಿನಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ತಂಪುಮಾಡುವ ಯಂತ್ರವಿಲ್ಲದ ಕೋಣೆಯಲ್ಲಿ, ಧೂಳು ಬಿಸಿಲುಗಳ ನಡುವೆ ಕೆಲಸ ಮಾಡಬೇಕೆಂಬುದೇ ಅದರ ರಚನೆಯ ಪಣವಾಗಿದ್ದಿತು.

ಆದರೆ ಹೊಸ ಕೇಂದ್ರಗಳ ಜತೆಯಲ್ಲಿ ಹೊಸ ಭಯವೊಂದು ಬಂದಿತು. 1891ರಲ್ಲಿ ಸ್ಟ್ರೋಜರನು ಸನ್ನದು ಪಡೆದ ಹಳೆಯ ಸ್ವಯಂಚಾಲಿತ ಪದ್ಧತಿಯ ರಿಲೇಗಳು ಕಬ್ಬಿಣ ತಾಮ್ರಗಳ ಜಟ್ಟಿಗಳು. ಕ್ಷಣಕಾಲದ ಹೊಡೆತವನ್ನು ತಿಂದು ಮೈಕೊಡಹಿಕೊಂಡು ಏಳುತ್ತಿದ್ದುವು. ಸಿಲಿಕಾನಿನ ಸಂಧಿಮಂಡಲವು ಚತುರ, ಆದರೆ ಸುಕುಮಾರ. ಅದು ತಾಳಬಲ್ಲ ಒತ್ತಡವು ಕೆಲವೇ ನೂರು ವೋಲ್ಟುಗಳು. ಸಿಡಿಲೊಂದರ ಪ್ರವಾಹವಾದರೋ ಸಾಮಾನ್ಯವಾಗಿ 30,000 ಆಂಪಿಯರುಗಳ ಆಸುಪಾಸಿನದು. ಅದು ತಂತಿಯ ಮೇಲೆಯೇ ಬೀಳಬೇಕೆಂದಿಲ್ಲ. ಹತ್ತಿರದ ಮರದ ಮೇಲೆ ಬಿದ್ದರೂ ಅದರ ಕ್ಷೇತ್ರವು ಉದ್ದವಾದ ತಂತಿಯಲ್ಲಿ ಸಾವಿರಾರು ವೋಲ್ಟುಗಳನ್ನು ಪ್ರೇರಿಸಬಲ್ಲುದು.

ಇಲ್ಲೊಂದು ಸೂಕ್ಷ್ಮವಿದೆ. ಪ್ರೇರಿತವಾದ ಒತ್ತಡವು ಅಕ್ಕಪಕ್ಕದಲ್ಲಿ ಓಡುವ ಎರಡು ತಂತಿಗಳಲ್ಲಿಯೂ ಸಮನಾಗಿ ಏಳುತ್ತದೆ. ಮಾತು ಎಂಬುದು ಆ ಎರಡರ ನಡುವಣ ವ್ಯತ್ಯಾಸವಾದುದರಿಂದ, ಎರಡೂ ಒಟ್ಟಾಗಿ ಏರಿದರೆ ಅದಕ್ಕೆ ಭಂಗವಿಲ್ಲ. ಬೆಲ್ಲನು 1881ರಲ್ಲಿ ಸನ್ನದು ಪಡೆದ ಹುರಿಮಾಡಿದ ಜೋಡಿತಂತಿಯ ಗುಟ್ಟು ಇದೇ. ಆದರೆ ಎರಡೂ ತಂತಿಗಳು ಒಟ್ಟಾಗಿ ಭೂಮಿಗಿಂತ ಸಾವಿರಾರು ವೋಲ್ಟು ಮೇಲೇರಿದಾಗ, ಆ ಒತ್ತಡವು ಭೂಮಿಗೆ ಇಳಿಯಲು ದಾರಿಯನ್ನು ಹುಡುಕುತ್ತದೆ. ದಾರಿಯನ್ನು ಕೊಟ್ಟರೆ ಸುಮ್ಮನೆ ಇಳಿಯುತ್ತದೆ. ಕೊಡದಿದ್ದರೆ ತಾನೇ ಮಾಡಿಕೊಳ್ಳುತ್ತದೆ.

ದಾರಿಯನ್ನು ಕೊಡುವ ಕಾವಲುಗಾರನೇ ಜಗಲಿಯ ಪೆಟ್ಟಿಗೆಯಲ್ಲಿರುವ ಅನಿಲನಳಿಗೆ. ಹಿಂದೆ ಇದರ ಸ್ಥಾನದಲ್ಲಿ ಕೂದಲೆಳೆಯಷ್ಟು ಅಂತರವಿಟ್ಟ ಎರಡು ಇದ್ದಿಲ ತುಂಡುಗಳಿರುತ್ತಿದ್ದುವು. ಅನಿಲನಳಿಗೆಯೆಂಬುದು ಬೆರಳ ತುದಿಯಷ್ಟಿನ ಪಿಂಗಾಣಿಯ ಗುಂಡು. ಒಳಗೆ ಜಡವಾದ ಅನಿಲ. ಮೂರು ಲೋಹದ ಮುಖಗಳಲ್ಲಿ ಎರಡು ತಂತಿಗಳಿಗೆ, ನಡುವಣದು ನೆಲಕ್ಕೆ. ಅದು ಎಷ್ಟು ವೋಲ್ಟಿಗೆ ಎಚ್ಚರಗೊಳ್ಳಬೇಕೆಂಬುದನ್ನು ಲೆಕ್ಕವಿಟ್ಟು ನಿರ್ಧರಿಸಿರುತ್ತಾರೆ. 75 ವೋಲ್ಟಿನ ಗಂಟೆಯ ಪ್ರವಾಹವು ತನ್ನ ಶಿಖರದಲ್ಲಿ 106 ವೋಲ್ಟನ್ನು ಮುಟ್ಟುತ್ತದೆ. ಬ್ಯಾಟರಿಯ 48ನ್ನು ಕೂಡಿಸಿದರೆ 154. ಇದಕ್ಕೆ ಎಚ್ಚರಗೊಳ್ಳುವ ಕಾವಲುಗಾರನು ನೆಂಟರನ್ನೇ ಹೊಡೆದಟ್ಟಿದಂತಾಗುವುದು. ಆದುದರಿಂದ ಸಾಮಾನ್ಯವಾಗಿ 230 ವೋಲ್ಟಿನ ನಳಿಗೆಯನ್ನು ಆರಿಸುವರು. ಅಲ್ಲಿಯ ತನಕ ಅದು ತಂತಿಗೆ ಇದ್ದೂ ಇಲ್ಲದಂತೆ. ಅದನ್ನು ಮೀರಿದೊಡನೆ ಒಳಗಿನ ಅನಿಲವು ವಾಹಕವಾಗಿ, ಹತ್ತಿಪ್ಪತ್ತು ವೋಲ್ಟುಗಳಷ್ಟೇ ಉಳಿಯುವಂತೆ, ಸಾವಿರಾರು ಆಂಪಿಯರುಗಳನ್ನು ಕ್ಷಣಮಾತ್ರದಲ್ಲಿ ನೆಲಕ್ಕೆ ಹಾಯಿಸುತ್ತದೆ. ಹೊಡೆತವು ಕಳೆದ ಮೇಲೆ ಮತ್ತೆ ಮೊದಲಿನಂತೆ ಮೌನಿಯಾಗುತ್ತದೆ.

ಈ ಕಾವಲುಗಾರನು ಬಲಿಷ್ಠನಾದರೂ ತುಸು ನಿಧಾನಿ. ಬಹು ಬೇಗನೆ ಏರುವ ಅಲೆಯು ಬಂದಾಗ ಅವನು ಏಳುವಷ್ಟರಲ್ಲಿ ಒತ್ತಡವು 230ನ್ನು ದಾಟಿ ಇನ್ನೂ ಕೆಲವು ನೂರು ವೋಲ್ಟು ಮೇಲಕ್ಕೆ ಹೋಗಿಬಿಟ್ಟಿರುತ್ತದೆ. ಆದಕಾರಣ ಸಂಧಿಮಂಡಲದ ಬಳಿಯಲ್ಲಿಯೇ ಥೈರಿಸ್ಟರ್ ಜಾತಿಯ ಎರಡನೆಯ ಕಾವಲನ್ನಿಡುವರು. ಅದು ಚುರುಕು, ಆದರೆ ಬಲ ಕಡಿಮೆ. ಇವೆರಡನ್ನೂ ಸುಮ್ಮನೆ ಜೋಡಿಸಿದರೆ ಚುರುಕಾದವನು ಮೊದಲೆದ್ದು ಒತ್ತಡವನ್ನು ತಗ್ಗಿಸಿಬಿಡುವನು. ಬಲಿಷ್ಠನಿಗೆ ಎಚ್ಚರವೇ ಆಗದು. ಹೊರೆಯೆಲ್ಲವೂ ದುರ್ಬಲನ ತಲೆಯ ಮೇಲೆ ಬಿದ್ದು ಅವನು ಸಾಯುವನು. ಆದುದರಿಂದ ನಡುವೆ ಒಂದು ರೋಧವನ್ನಿಡುತ್ತಾರೆ. ಪ್ರವಾಹವು ಹೆಚ್ಚಿದಂತೆ ರೋಧದ ಹೊರಮಗ್ಗುಲಲ್ಲಿ ಒತ್ತಡವು ಏರಿ ಬಲಿಷ್ಠನನ್ನು ಎಬ್ಬಿಸುತ್ತದೆ. ಇಬ್ಬರು ಒಳ್ಳೆಯವರು ಕೂಡಿ ಕೆಲಸ ಮಾಡಬೇಕಾದರೆ ನಡುವೆ ಸ್ವಲ್ಪ ಅಂತರವಿರಬೇಕೆಂಬುದು ಅವಿಭಕ್ತ ಕುಟುಂಬಗಳಲ್ಲಿ ಬಾಳಿದವರಿಗೆ ಹೊಸ ಮಾತಲ್ಲ.

ಸಿಡಿಲಿಗಿಂತ ಬೇರೊಂದು ಶತ್ರುವೂ ಇದೆ. ಗಾಳಿಗೆ ವಿದ್ಯುಚ್ಛಕ್ತಿಯ ಕಂಬದ ತಂತಿಯು ಹರಿದು ದೂರವಾಣಿಯ ತಂತಿಯ ಮೇಲೆ ಬಿದ್ದರೆ, ಬರುವುದು 230 ವೋಲ್ಟುಗಳಷ್ಟೆ. ಆದರೆ ಅದು ಬಂದು ಹೋಗುವುದಿಲ್ಲ, ಬಂದು ನಿಲ್ಲುತ್ತದೆ. ಇಂತಹ ಮಂದವಾದ ಶತ್ರುವಿಗೆ ಅನಿಲನಳಿಗೆಯು ಸಾಲದು; ಕಾದು ಕೆಂಪಾಗುವುದು. ಇದಕ್ಕೆ ಫ್ಯೂಸು, ಅಥವಾ ಕಾದಷ್ಟೂ ರೋಧವು ಹೆಚ್ಚುವ ಥರ್ಮಿಸ್ಟರು ಬೇಕು. ಫ್ಯೂಸು ತನ್ನನ್ನು ಕೊಟ್ಟು ಮನೆಯನ್ನುಳಿಸುತ್ತದೆ; ಥರ್ಮಿಸ್ಟರು ಬಾಗಿಲನ್ನು ಮುಚ್ಚಿ, ತಣ್ಣಗಾದ ಮೇಲೆ ತಾನಾಗಿಯೇ ತೆರೆಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಕೇಂದ್ರದ ಉಪಕರಣಗಳಿಗೆ ಕೆ.20 ಎಂದೂ ಮನೆಯ ಉಪಕರಣಗಳಿಗೆ ಕೆ.21 ಎಂದೂ ಶಿಫಾರಸುಗಳನ್ನು ಬರೆದಿದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ 10 ಪಾಲಿನಷ್ಟು ಕಾಲದಲ್ಲಿ ಏರಿ, 700 ಪಾಲಿನಷ್ಟು ಕಾಲದಲ್ಲಿ ಅರ್ಧಕ್ಕಿಳಿಯುವ ಕೃತಕ ಸಿಡಿಲನ್ನು ತಂತಿಯ ಮುಖಕ್ಕೆ ಹೊಡೆದು ಅವುಗಳನ್ನು ಪರೀಕ್ಷಿಸುವರು.

ಇಷ್ಟೆಲ್ಲ ಕಾವಲೂ ಒಂದು ತಂತಿಯನ್ನು ನೆಚ್ಚಿಕೊಂಡಿದೆ. ಅದೇ ಮಲೆನಾಡಿನ ಆ ಮನೆಯ ಯಜಮಾನರು ಅರಿಯದೆ ಬಿಟ್ಟ ಮೂರನೆಯ ತಂತಿ.

1999ರಲ್ಲಿ ಅವರು ಅಂಗಳಕ್ಕೆ ಕಲ್ಲುಚಪ್ಪಡಿಯನ್ನು ಹಾಸಿಸಿದರು. ಗೋಡೆಯ ಮೇಲೆ ಹಸುರುಗಟ್ಟಿ ಇಳಿದಿದ್ದ ತಾಮ್ರದ ತಂತಿಯು ಹೊಸ ಸುಣ್ಣಕ್ಕೆ ಕಲೆಯಾಗಿ ಕಂಡಿತು. ಕೆಲಸದವನು ಕೇಳಿದನು, ಅವರು ಕತ್ತರಿಸೆಂದರು. ದೂರವಾಣಿಯು ಎಂದಿನಂತೆಯೇ ಮಾತನಾಡಿತು. ಎರಡು ವರ್ಷ ಏನೂ ಆಗದಿದ್ದುದರಿಂದ ಆ ತಂತಿಯು ವ್ಯರ್ಥವಾಗಿತ್ತೆಂಬುದು ಸಿದ್ಧಾಂತವೇ ಆಗಿಹೋಯಿತು. ನಡುವೆ, 2000ದಲ್ಲಿ, ಅವರ ಮಗನು ಪಟ್ಟಣದಿಂದ ತಂತಿಯಿಲ್ಲದ ಕೈಹಿಡಿಯ ಹೊಸ ಯಂತ್ರವನ್ನು ತಂದಿಟ್ಟನು. ಅದರ ಪೀಠವನ್ನು ಗೋಡೆಯ ವಿದ್ಯುಚ್ಛಕ್ತಿಯ ಸಾಕೆಟ್ಟಿಗೂ ಸಿಕ್ಕಿಸಬೇಕಾಗಿದ್ದಿತು.

2001ರ ಏಪ್ರಿಲ್ ತಿಂಗಳ ಒಂದು ಸಂಜೆ. ಯಜಮಾನರ ಮಗಳ ಎರಡನೆಯ ಹೆರಿಗೆಯು ಗಂಡನ ಮನೆಯಿರುವ ಮುಂಬಯಿಯಲ್ಲಿ ಆಗಬೇಕಾಗಿದ್ದಿತು. ದಿನ ತುಂಬಿದ್ದುವು. ಎಂಬತ್ತು ದಾಟಿದ ಅಜ್ಜಿಯು ಮಧ್ಯಾಹ್ನದಿಂದಲೂ ದೂರವಾಣಿಯ ಗೂಡಿನ ಪಕ್ಕದಲ್ಲಿಯೇ ಮಣೆ ಹಾಕಿಕೊಂಡು ಕುಳಿತಿದ್ದರು. ಪಶ್ಚಿಮದಲ್ಲಿ ಮೋಡ ಕವಿದು ಗುಡುಗು ಆರಂಭವಾಯಿತು. ತುಳಸಿಯ ಮುಂದೆ ದೀಪವಿಡುವ ಹೊತ್ತಾಯಿತೆಂದು ಸೊಸೆಯು ಕರೆದುದರಿಂದ ಅವರು ಮನಸ್ಸಿಲ್ಲದೆ ಎದ್ದುಹೋದರು. ನಡುಬಾಗಿಲನ್ನು ದಾಟಿದ್ದರೋ ಇಲ್ಲವೋ, ತೋಟದಾಚೆಯ ಒಂದು ಮರದ ಮೇಲೆ ಸಿಡಿಲು ಬಿದ್ದಿತು. ಗೂಡಿನಲ್ಲಿ ನೀಲಿಯ ಬೆಳಕೊಂದು ಹಾರಿ, ಕಸೂತಿಯ ಬಟ್ಟೆಯು ಹೊತ್ತಿಕೊಂಡು, ಗೋಡೆಯ ಸಾಕೆಟ್ಟು ಸಿಡಿದು ಅಜ್ಜಿಯ ಮಣೆಯ ಮೇಲೆ ಬಿದ್ದಿತು. ಬೆಂಕಿಯನ್ನು ಆರಿಸಿದರು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ರಾತ್ರಿ ಮುಂಬಯಿಯಿಂದ ಬಂದ ಕರೆಗೆ ಓಗೊಡುವವರಿರಲಿಲ್ಲ. ಹೆಣ್ಣುಮಗು ಹುಟ್ಟಿದ ಸುದ್ದಿಯು ಎರಡು ದಿನಗಳ ಮೇಲೆ ಪೇಟೆಯ ಅಂಗಡಿಯೊಂದರ ಮೂಲಕ ತಲುಪಿತು. ಆ ಎರಡು ದಿನ ಮುಂಬಯಿಯಲ್ಲಿ ಬಾಣಂತಿಯು ತವರಿನವರಿಗೆ ಏನಾಯಿತೆಂದು ಹಂಬಲಿಸಿದಳು; ಇಲ್ಲಿ ಅಜ್ಜಿಯು ಮೊಮ್ಮಗಳಿಗೆ ಏನಾಯಿತೆಂದು ಅನ್ನವನ್ನು ಬಿಟ್ಟರು.

ಮೂರನೆಯ ದಿನ ಲೈನ್‌ಮನ್ನನು ಬಂದನು. ಕರಿದಾದ ಪೀಠವನ್ನು ನೋಡಿ ಏನೂ ಹೇಳದೆ, ಹೊರಗೆ ಹೋಗಿ ಜಗಲಿಯ ಪೆಟ್ಟಿಗೆಯನ್ನು ತೆರೆದನು. ಒಳಗಿನ ನಳಿಗೆಯು ಹೊಸದರಂತೆ ಬೆಳ್ಳಗಿದ್ದಿತು. ಯಜಮಾನರು, “ಇದು ಕೆಲಸವನ್ನೇ ಮಾಡಿಲ್ಲವಲ್ಲ!” ಎಂದು ಆಕ್ಷೇಪಿಸಿದರು. ಅವನು ಪೆಟ್ಟಿಗೆಯ ಕೆಳಗೆ ಉಳಿದಿದ್ದ ಗೇಣುದ್ದದ ತಾಮ್ರದ ಮೋಟನ್ನು ಎರಡು ಬೆರಳಲ್ಲಿ ಹಿಡಿದು, “ಇವನು ಎರಡೂ ತಂತಿಗಳನ್ನು ಹಿಡಿದುಕೊಂಡು ನಿಂತಿದ್ದ ಸ್ವಾಮಿ. ಕಳ್ಳನನ್ನು ತಳ್ಳುವುದು ಎಲ್ಲಿಗೆ? ಹಿತ್ತಿಲ ಬಾಗಿಲನ್ನು ನೀವೇ ಮುಚ್ಚಿಸಿದ್ದೀರಿ” ಎಂದನು.

ಅವನ ಮಾತಿನಲ್ಲಿ ಶಾಸ್ತ್ರವೆಲ್ಲವೂ ಅಡಗಿದ್ದಿತು. ನೆಲತಂತಿಯಿಲ್ಲದ ನಳಿಗೆಯು ಎರಡು ತಂತಿಗಳನ್ನು ಪರಸ್ಪರ ಸಮನಾಗಿಡಬಲ್ಲುದೇ ಹೊರತು, ಎರಡೂ ಒಟ್ಟಾಗಿ ಭೂಮಿಯಿಂದ ಮೇಲೇಳುವುದನ್ನು ತಡೆಯಲಾರದು. ಹಳೆಯ ಯಂತ್ರಕ್ಕೆ ತಂತಿಯ ಹೊರತು ಬೇರೆ ಸಂಬಂಧವಿರಲಿಲ್ಲ. ಹೊಸ ಯಂತ್ರಕ್ಕಾದರೋ ಒಂದು ಕಡೆ ದೂರವಾಣಿಯ ತಂತಿ, ಇನ್ನೊಂದು ಕಡೆ ವಿದ್ಯುಚ್ಛಕ್ತಿಯ ತಂತಿ. ಸಿಡಿಲಿಗೆ ಬೇಕಾದ ದಾರಿಯು ಅದರ ಹೊಟ್ಟೆಯ ಮೂಲಕವೇ ಸಿಕ್ಕಿತು. ಇದಕ್ಕೆ ಪರಿಹಾರವೆಂದರೆ ನೆಲತಂತಿಯನ್ನು ಕೊಡುವುದು ಮಾತ್ರವಲ್ಲ. ವಿದ್ಯುಚ್ಛಕ್ತಿಯ ಭೂಸಂಪರ್ಕವನ್ನೂ ದೂರವಾಣಿಯ ಭೂಸಂಪರ್ಕವನ್ನೂ ದಪ್ಪವಾದ, ಗಿಡ್ಡವಾದ ತಂತಿಯಿಂದ ಒಂದುಗೂಡಿಸುವುದು. 10 ಓಮು ರೋಧವುಳ್ಳ ನೆಲದೊಳಕ್ಕೆ 1000 ಆಂಪಿಯರು ಇಳಿದರೆ ಆ ನೆಲತಂತಿಯೇ 10,000 ವೋಲ್ಟು ಮೇಲೇಳುತ್ತದೆ. ಮನೆಯ ಇನ್ನೊಂದು ನೆಲತಂತಿಯು ಕೆಳಗೇ ಉಳಿದರೆ ನಡುವಣ ಯಂತ್ರವು ಸುಡುವುದು. ಎರಡೂ ಒಟ್ಟಿಗೆ ಎದ್ದರೆ ಯಾವುದಕ್ಕೂ ಹಾನಿಯಿಲ್ಲ.

ಲೈನ್‌ಮನ್ನನು ಒಂದು ಚಪ್ಪಡಿಯನ್ನೆಬ್ಬಿಸಿ, ತುಳಸಿಕಟ್ಟೆಯ ಪಕ್ಕದಲ್ಲಿ ಕೊಳವೆಯನ್ನು ಹೂಳಿಸಿ, ಹೊಸ ತಂತಿಯನ್ನು ಬಿಗಿದನು. ಮೀಟರುಪೆಟ್ಟಿಗೆಯ ನೆಲತಂತಿಯನ್ನೂ ವಿದ್ಯುತ್ತಿನ ಮೇಸ್ತ್ರಿಯಿಂದ ಅದಕ್ಕೇ ಸೇರಿಸಿಕೊಳ್ಳಬೇಕೆಂದನು. ಹೋಗುವಾಗ ಅಜ್ಜಿಗೆ ಎರಡು ಮಾತುಗಳನ್ನು ಹೇಳಿದನು: ಗುಡುಗುವಾಗ ತಂತಿ ಕಟ್ಟಿದ ಯಂತ್ರವನ್ನು ಮುಟ್ಟಬಾರದು, ಏಕೆಂದರೆ ಯಾವ ಕಾವಲೂ ಪೂರ್ಣವಲ್ಲ, ಬೇಸಗೆಯಲ್ಲಿ ಈ ಕೊಳವೆಯ ಬುಡಕ್ಕೆ ನೀರು ಹೊಯ್ಯುತ್ತಿರಬೇಕು, ಏಕೆಂದರೆ ಒಣಗಿದ ಮಣ್ಣು ಸಿಡಿಲನ್ನು ಕುಡಿಯಲಾರದು.

ತರುವಾಯದ ಕಾಲದಲ್ಲಿ ಆ ಮನೆಗೆ ತಾಮ್ರದ ತಂತಿಯ ಬದಲು ಗಾಜಿನೆಳೆ ಬಂದಿದೆ. ಗಾಜು ವಿದ್ಯುತ್ತನ್ನು ಒಯ್ಯುವುದಿಲ್ಲವಾದುದರಿಂದ ಕಂಬದ ಕಡೆಯ ಭಯವು ಬಹುಮಟ್ಟಿಗೆ ಕಳೆಯಿತು. ಆದರೆ ಎಳೆಯ ಕೊನೆಯಲ್ಲಿರುವ ಪೆಟ್ಟಿಗೆಗೆ ದೂರವಾಣಿಯನ್ನು ಸಿಕ್ಕಿಸುವ ಕಿಂಡಿಯೊಂದಿದೆ. ಅದರ ಹಿಂದೆ ಹಳೆಯ ಸಂಧಿಮಂಡಲವೇ ಚಿಕ್ಕದಾಗಿ ಕುಳಿತು, ಶಕ್ತಿಯನ್ನೂಡುತ್ತ, ಗಂಟೆ ಬಾರಿಸುತ್ತ, ಕೈಹಿಡಿಯನ್ನು ನೋಡುತ್ತ ಇದೆ. ವಿನಿಮಯ ಕೇಂದ್ರದ ಹೊಸ್ತಿಲು ಮನೆಯೊಳಕ್ಕೇ ಬಂದಂತಾಯಿತು. ಅದಕ್ಕೆ ಬೇಕಾದ ವಿದ್ಯುತ್ತು ಮನೆಯ ಸಾಕೆಟ್ಟಿನಿಂದಲೇ ಬರುವುದರಿಂದ ಆ ಬಾಗಿಲು ಈಗಲೂ ತೆರೆದೇ ಇದೆ. ನೆಲತಂತಿಯ ಅವಶ್ಯಕತೆಯೂ ತೀರಿಲ್ಲ.

ಅಜ್ಜಿ ಈಗಿಲ್ಲ. ಬೇಸಗೆಯ ಬೆಳಗಿನಲ್ಲಿ ಸೊಸೆಯು ತುಳಸಿಗೆ ನೀರೆರೆದು, ತಂಬಿಗೆಯಲ್ಲಿ ಉಳಿದುದನ್ನು ಪಕ್ಕದ ಕೊಳವೆಯ ಬುಡಕ್ಕೆ ಹೊಯ್ಯುವರು. ನೋಡಿದವರು ಅದನ್ನೂ ಒಂದು ವ್ರತವೆಂದು ಭಾವಿಸುವುದುಂಟು. 2001ರಲ್ಲಿ ಹುಟ್ಟಿದ ಆ ಮಗುವು ದೊಡ್ಡವಳಾಗಿ ರಜೆಗೆ ಬಂದಾಗ ಕಾರಣವನ್ನು ಕೇಳಿದಳು. ಯಜಮಾನರು ತಾವು ತಂತಿಯನ್ನು ಕತ್ತರಿಸಿದ ಸಂಗತಿಯನ್ನು ಮೊದಲುಗೊಂಡು ಎಲ್ಲವನ್ನೂ ಹೇಳಿದರು. ಆಮೇಲೆ ಅವಳೂ ನೀರು ಹೊಯ್ದಳು.